ಗಿಣಿಗಳಿಗೆ ಇಟ್ಟ ಅಂಟು

ನಾನು ಚಿಕ್ಕವಳಿದ್ದಾಗ ವಿರೂಪಾಕ್ಷಿಪುರದ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಜೋರು ಬಾಯಿ ಇದ್ದದ್ದು ಅಕ್ಕನ ಗಿಣಿಗೆ. ಗಾಳಿಗೆ ಮುರಿದುಬಿದ್ದ ತೆಂಗಿನ ಮರದ ಪೊಟರೆಯಲ್ಲಿ ಸಿಕ್ಕಿದ ಮರಿ ಅದು. ಒಂದು ರೆಕ್ಕೆ ಸೊಟ್ಟಗಿದ್ದುದರಿಂದ ಹಾರಲಾರದು. ಅಕ್ಕ ಅದಕ್ಕೆ ರಾಗಿ ಅಂಬಲಿ ಕುಡಿಸಿ ಸಾಕಿದ್ದಳು.

ಹಗಲೆಲ್ಲ ಅದರ ಬಿದಿರಿನ ಪಂಜರ ಅಂಗಳದ ಹೊಂಗೆಮರದಲ್ಲಿ ತೂಗುತ್ತಿತ್ತು. ಅದು ಕೀ ಎಂದು ಕೂಗಿದರೆ ಸಾಕು, ಕಾಡುಗಿಣಿಗಳು ಹಿಂಡಾಗಿ ಬಂದು ಸುತ್ತ ಕೂರುತ್ತಿದ್ದವು. ಕೊರಳಿಗೆ ಕೆಂಪು ಪಟ್ಟಿಯಿದ್ದ ಗಂಡುಗಿಣಿಯೊಂದು ಕಡ್ಡಿಗಳ ನಡುವೆ ಕೊಕ್ಕು ತೂರಿಸಿ ನಮ್ಮ ಗಿಣಿಯ ತಲೆ ಕೆರೆಯುತ್ತಿತ್ತು. ನಾನೂ ಅಕ್ಕನೂ ಅವರೆಕಾಯಿ ಸುಲಿಯುವುದನ್ನೂ ಮರೆತು ನೋಡುತ್ತಿದ್ದೆವು.

ಸುಗ್ಗಿಗೆ ನೆಂಟನಾಗಿ ಬಂದಿದ್ದ ಮಾವನೂ ನೋಡಿದ. ಅವನು ಅಮ್ಮನ ತಮ್ಮ. ಅವನ ಗಿರಿಜಾಮೀಸೆ ಅವನಿಗಿಂತ ಮುಂಚೆ ಬಾಗಿಲು ದಾಟುತ್ತಿತ್ತು.

ಒಂದು ಬೆಳಿಗ್ಗೆ ನಾವು ನೀರು ತರುವಷ್ಟರಲ್ಲಿ ಪಂಜರ ಇರಲಿಲ್ಲ. ಹೊಲದ ಕಡೆಯಿಂದ ಗಿಣಿಗಳ ಚೀರಾಟ. ಓಡಿದೆವು. ಮಾವ ಪಂಜರವನ್ನು ಬೇಲಿಗೆ ತೂಗುಹಾಕಿ, ಸುತ್ತಲೂ ಹಲಸಿನ ಅಂಟು ಮೆತ್ತಿದ ಕಡ್ಡಿಗಳನ್ನು ಸಿಕ್ಕಿಸಿದ್ದ. ನಮ್ಮ ಗಿಣಿಯ ಕೂಗು ನಂಬಿ ಬಂದ ಮೂರು ಗಿಣಿಗಳು ಕಾಲು ಅಂಟಿಕೊಂಡು ಒದ್ದಾಡುತ್ತಿದ್ದವು. ನಾಲ್ಕನೆಯದು, ಆ ಕೆಂಪು ಪಟ್ಟಿಯದು, ತಲೆಕೆಳಗಾಗಿ ನೇತಾಡುತ್ತಿತ್ತು. ಅದರಲ್ಲಿ ಜೀವವಿರಲಿಲ್ಲ.

ಅಕ್ಕ ಅತ್ತಳು. "ಯಾಕಮ್ಮಿ ಅಳ್ತೀಯ? ಸಂತೇಲಿ ಇವನ್ನ ಮಾರ್ಬುಟ್ಟು ನಿಂಗೂ ಬಳೆ ತತ್ತೀನಿ ಬುಡು," ಎಂದು ಮಾವ ನಕ್ಕ.

ಅಪ್ಪನಿಗೆ ದೂರು ಹೇಳಿದೆವು. "ಮನೆಗ್ ಬಂದಿರೋ ನೆಂಟ, ಏನಂತ ಬಯ್ಯಾದು? ಸುಮ್ನಿರ್ರವ್ವ," ಎಂದರು ಅಪ್ಪ.

ನಾನು ಸುಮ್ಮನಿರಲಿಲ್ಲ. ಮಧ್ಯಾಹ್ನ ಮುದ್ದೆ ಉಂಡು ಮಾವ ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಅವನು ಅಂಟು ಕಲಸಿದ್ದ ತೆಂಗಿನ ಚಿಪ್ಪಿನಲ್ಲಿ ಉಳಿದಿದ್ದನ್ನೆಲ್ಲ ತಂದು ಆ ಮೀಸೆಗೆ ಮೆತ್ತಿದೆ, ಒಂದು ಕೂದಲೂ ಬಿಡದಂತೆ. ಸಂತೆಗೆಂದು ಮಾವ ಹಿತ್ತಿಲಿಗೆ ತಂದಿಟ್ಟಿದ್ದ ಗಿಣಿಗಳ ಕಾಲಿಗೆ ಅಕ್ಕ, ಅಂಟು ಬಿಡಲೆಂದು, ಮನೆಯಲ್ಲಿದ್ದ ಹರಳೆಣ್ಣೆಯನ್ನೆಲ್ಲ ಸುರಿದು, ಮೂರನ್ನೂ ಬಿಡಿಸಿ ಹಾರಿಬಿಟ್ಟಳು.

ಎದ್ದಾಗ ಮಾವನ ಮೀಸೆಯ ತುಂಬ ನೊಣ. "ಎಣ್ಣೆ! ಎಣ್ಣೆ ತನ್ರೋ!" ಎಂದು ಕುಣಿದ. ಮನೆಯಲ್ಲಿ ಒಂದು ತೊಟ್ಟು ಎಣ್ಣೆ ಇರಲಿಲ್ಲ. ನೀರು ಹಾಕಿ ಉಜ್ಜಿದಷ್ಟೂ ಅಂಟು ಬಿಗಿಯಿತು. ಕೊನೆಗೆ ಕ್ಷೌರದವರೇ ಬಂದು ಮೀಸೆ ಬೋಳಿಸಬೇಕಾಯಿತು. ನಮ್ಮ ಕಡೆ ಗಂಡಸರು ಮೀಸೆ ತೆಗೆಸುವುದು ಹೆತ್ತವರು ತೀರಿಕೊಂಡಾಗ ಮಾತ್ರ. ಸಂಜೆ ಊರಿಗೆ ಹೊರಟ ಮಾವನನ್ನು ದಾರಿಯುದ್ದಕ್ಕೂ ಜನ ತಡೆದು, "ಯಾರ್ ಹೋಗ್ಬುಟ್ರಪ್ಪ? ಅವ್ವನಾ?" ಎಂದು ಕೇಳಿದರಂತೆ.

ಅಮ್ಮ ಪೊರಕೆಯಲ್ಲಿ ಹೊಡೆದಳು. ನಾನು ಅಳಲಿಲ್ಲ. ಇವತ್ತಿಗೂ ಆ ಕೆಲಸಕ್ಕೆ ನನಗೆ ಬೇಸರವಿಲ್ಲ, ಮಕ್ಕಳೇ. ಆದರೆ ಕಾಡುಗಿಣಿಗಳು ಹೊಂಗೆಮರಕ್ಕೆ ಮತ್ತೆ ಬರಲಿಲ್ಲ. ನಮ್ಮ ಗಿಣಿ ಸಾಯುವವರೆಗೂ ಆಕಾಶ ನೋಡಿ ಕೂಗುತ್ತಲೇ ಇತ್ತು.

ಈಗ ನೀವು ಹಾರೋಹಳ್ಳಿಯ ಈ ತಾರಸಿಯಲ್ಲಿ ಲವ್‌ಬರ್ಡ್ಸ್ ಸಾಕಿದ್ದೀರಿ. ಅವು ಕೂಗಿದರೆ ಉತ್ತರವಾಗಿ ಎದುರಿನ ಫ್ಯಾಕ್ಟರಿಯ ಸೈರನ್ ಮಾತ್ರ ಕೇಳಿಸುತ್ತದೆ. "ಅಜ್ಜಿ, ಬೇರೆ ಹಕ್ಕಿ ಯಾಕೆ ಬರಲ್ಲ?" ಎಂದು ನೀವು ಕೇಳಿದಾಗಲೆಲ್ಲ ನನಗೆ ಸಿಟ್ಟು ಉಕ್ಕುತ್ತದೆ. ಆ ಫ್ಯಾಕ್ಟರಿ ಇರುವ ಜಾಗದಲ್ಲಿ ಮೊದಲು ನಮ್ಮದೇ ಮಾವಿನ ತೋಪಿತ್ತು. ಅದನ್ನು ಫ್ಯಾಕ್ಟರಿಯವರಿಗೆ ಮಾರುವಾಗ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವಳು ನಾನೇ.