ಗಿರಿಜಕ್ಕನ ಬರಿಗಾಲ ಮೆರವಣಿಗೆ

ಯುದ್ಧದ ಸುದ್ದಿ ನಮ್ಮ ಓಣಿಗೆ ರೇಡಿಯೋದ ಪ್ರದೇಶ ಸಮಾಚಾರದ ಹೊತ್ತಿಗೆ ಮಾತ್ರ ಬರುತ್ತಿದ್ದ ದಿನಗಳವು. ಉಳಿದ ಹೊತ್ತಿನಲ್ಲಿ ಕೊಟ್ಟೂರು ತನ್ನ ಪಾಡಿಗೆ ತಾನು ಮಿರ್ಚಿ ಕರಿದುಕೊಂಡು, ಮಂಡಕ್ಕಿಗೆ ಒಗ್ಗರಣೆ ಹಾಕಿಕೊಂಡು ಇರುತ್ತಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ನಾಲ್ಕನೇ ಕ್ಲಾಸು. ಬಸ್ ಸ್ಟ್ಯಾಂಡಿನ ಹತ್ತಿರ ಅಪ್ಪನ ಸೈಕಲ್ ಶಾಪು. ಹಳೆಯ ರಿಮ್ಮನ್ನು ಕೋಲಿನಿಂದ ಉರುಳಿಸಿಕೊಂಡು ಓಡುವುದರಲ್ಲಿ ಓಣಿಯ ಯಾವ ಹುಡುಗನೂ ನನ್ನನ್ನು ಹಿಡಿಯುತ್ತಿರಲಿಲ್ಲ. ಸೈಕಲ್ ಶಾಪಿನವರ ಮಗಳಿಗೆ ರಿಮ್ಮಿಗೇನು ಬರ ಎಂದು ಅವರು ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಅಣ್ಣ ಕೊಟ್ರೇಶ ಮಿಲಿಟರಿ ಸೇರಿದ್ದ. ಅವನು ಸೇರಿದ್ದೇ ತಡ, ಅಪ್ಪ ಅಂಗಡಿಯ ಬೋರ್ಡಿನ ಮೇಲೆ 'ಜವಾನ್ ಸೈಕಲ್ ಶಾಪ್' ಎಂದು ಬರೆಸಿದರು. ಊರವರು ಅಪ್ಪನನ್ನು 'ಮಿಲ್ಟ್ರಿ ಬಸಣ್ಣ' ಎಂದು ಕರೆಯತೊಡಗಿದರು. ಅಲ್ಲಿಯವರೆಗೆ "ಏ ಬಸ್ಯಾ, ಗಾಳಿ ಹಾಕಲೇ" ಎನ್ನುತ್ತಿದ್ದ ದೊಡ್ಡ ಮನೆಯವರು ಕೂಡ ಈಗ "ಮಗನ ಸುದ್ದಿ ಏನ್ರಿ ಬಸಣ್ಣ" ಎಂದು ಕೇಳಿ, ಅಪ್ಪನ ಕೈಯೆಲ್ಲ ಗ್ರೀಸಾಗಿದ್ದರೂ ನಮಸ್ಕಾರ ಮಾಡಿ ಹೋಗುತ್ತಿದ್ದರು. ಅಪ್ಪನ ಬಗ್ಗೆ ಮುಂದೆ ನಾನು ಹೇಳುವುದನ್ನು ಓದುವಾಗ ಇದು ನೆನಪಿರಲಿ. ಬದುಕಿನಲ್ಲಿ ಅವರಿಗೆ ಸಿಕ್ಕಿದ್ದ ಮರ್ಯಾದೆ ಅದೊಂದೇ.

ಆಗ ನಮ್ಮ ಸೈನ್ಯವನ್ನು ಸಮುದ್ರದಾಚೆಯ ದ್ವೀಪಕ್ಕೆ ಕಳಿಸಿದ್ದರು. ಅಣ್ಣನೂ ಹೋದ. ಶಾಂತಿ ಕಾಯಲು ಹೋಗಿದ್ದಾರೆ ಎಂದು ರೇಡಿಯೋ ಹೇಳುತ್ತಿತ್ತು, ಅದರ ಹಿಂದೆಯೇ ಸತ್ತವರ ಸುದ್ದಿಯನ್ನೂ ಹೇಳುತ್ತಿತ್ತು. ಆ ಸಲ ಮುಂಗಾರು ಶುರುವಾದ ಮೇಲೆ ಅಣ್ಣನಿಂದ ಒಂದು ಸುದ್ದಿಯೂ ಬರಲಿಲ್ಲ. ಅವ್ವ ಪೋಸ್ಟಿನವನನ್ನು ಕೇಳುವುದನ್ನೇ ಬಿಟ್ಟಳು. ಅವನೂ ಪಾಪ, ನಮ್ಮ ಮನೆ ಬಂದಾಗ ಇನ್ನೊಂದು ಕಡೆ ನೋಡುತ್ತ ದಾಟಿ ಹೋಗುತ್ತಿದ್ದ.

ಅಣ್ಣನ ಬೆನ್ನಿಗೆ ಹುಟ್ಟಿದ ಗಿರಿಜಕ್ಕ ನಮ್ಮೂರ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದಳು. ನಮ್ಮ ಓಣಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಓದಿ ಮೇಡಂ ಆಗಬೇಕು ಎನ್ನುವುದು ಅವಳ ಆಸೆ. ನನ್ನನ್ನು ಗೋಡೆಯ ಮುಂದೆ ಕೂಡಿಸಿ ಪಾಠ ಮಾಡಿ ಅದರ ತಾಲೀಮು ನಡೆಸುತ್ತಿದ್ದಳು. ಆ ಜುಲೈನಲ್ಲಿ, ಹಾಸ್ಟೆಲಿನಲ್ಲಿದ್ದ ಇಟ್ಟಿಗಿ ಊರಿನ ಹುಡುಗನೊಬ್ಬನ ಅಣ್ಣ ಅದೇ ದ್ವೀಪದಲ್ಲಿ ತೀರಿಕೊಂಡ. ಕ್ಲಾಸಿನ ನಡುವೆ ಅವನನ್ನು ಹೊರಗೆ ಕರೆದು ಸುದ್ದಿ ಹೇಳಿದರಂತೆ. ಅವನು ಪುಸ್ತಕಗಳನ್ನು ಡೆಸ್ಕಿನ ಮೇಲೆಯೇ ಬಿಟ್ಟು ಹೋದ, ಮತ್ತೆ ಬರಲಿಲ್ಲ. ಅಂದಿನಿಂದ ಕಾಲೇಜಿನ ಬೇವಿನ ಮರದ ಕೆಳಗೆ ಅವನ ಕ್ಲಾಸಿನ ಹುಡುಗರು, ನಾಲ್ಕೈದು ಹುಡುಗಿಯರು ಪಾಠ ಬಿಟ್ಟು ಕೂಡತೊಡಗಿದರು. ಮುಂದೆ ನಿಂತವನು ಲಾರಿ ಮೆಕ್ಯಾನಿಕ್ ಸಾಹೇಬರ ಮಗ ಖಾಸಿಂ, ನಮ್ಮ ಪಕ್ಕದ ಓಣಿಯವನು. ಜಪಾನಿನ ಮೇಲೆ ಅಣುಬಾಂಬು ಬಿದ್ದ ದಿನ ಆಗಸ್ಟಿನಲ್ಲಿ ಬರುತ್ತದೆ, ಅಂದು ಊರಲ್ಲಿ ಮೆರವಣಿಗೆ ಮಾಡೋಣ, ನಮ್ಮವರನ್ನು ವಾಪಸು ಕರೆಸಿರಿ ಎಂದು ಕೇಳೋಣ ಎಂದು ಗೊತ್ತುಮಾಡಿದರು.

ವಿಷಯ ಅಪ್ಪನಿಗೆ ಚಹಾದ ಅಂಗಡಿಯಲ್ಲಿ ತಿಳಿಯಿತು. ಅಂದು ಊಟಕ್ಕೆ ಕೂತಾಗ ಅವರು ರೊಟ್ಟಿ ಮುರಿಯಲಿಲ್ಲ.

"ಮಗ ಅಲ್ಲಿ ಬಂದೂಕ ಹಿಡಿದಾನ, ಮಗಳು ಇಲ್ಲಿ ಯುದ್ಧ ಬ್ಯಾಡ ಅಂತ ಬೀದಿಗೆ ಹೊಂಟಾಳ. ಮ್ಯಾಲಿನೋರಿಗೆ ಗೊತ್ತಾದ್ರ ಅವನ ನೌಕರಿ ಉಳಿತೈತೇನು?"

"ನೌಕರಿ ಹೋದ್ರ ಮನಿಗೆ ಬರ್ತಾನಲ್ಲಪ್ಪ" ಎಂದಳು ಅಕ್ಕ.

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಅಪ್ಪ ದನಿ ಏರಿಸಲಿಲ್ಲ. "ನೋಡು ಗಿರಿಜಾ, ನೀ ಅವರ ಕೂಡ ಒಂದು ಹೆಜ್ಜಿ ಇಟ್ಟಿ ಅಂದ್ರ ಮರುದಿನದಿಂದ ನಿನ್ನ ಕಾಲೇಜು ಬಂದ್. ನಾ ಹೇಳಿದ್ದು ಹೇಳಿದ್ದ." ಅಪ್ಪ ಹೇಳಿದ್ದನ್ನು ಮಾಡುವವರು ಎಂದು ನಮಗೆಲ್ಲ ಗೊತ್ತಿತ್ತು.

ಮೆರವಣಿಗೆಯ ವಾರವೇ ಅಲಾಯಿ ಹಬ್ಬ ಬಂತು. ಮೊಹರಂ ಎಂದರೆ ನಮ್ಮ ಕಡೆ ಎಲ್ಲರ ಹಬ್ಬ. ಮಸೂತಿಯಲ್ಲಿ ದೇವರೆನ್ನುವ ಲೋಹದ ಪಂಜಾಗಳನ್ನು ಕೂಡಿಸಿದ ದಿನದಿಂದ ಓಣಿಗೆಲ್ಲ ಲೋಬಾನದ ಹೊಗೆ, ಮನೆಮನೆಯಲ್ಲೂ ಚೋಂಗೆ ಕರಿಯುವ ಬೆಲ್ಲ-ತುಪ್ಪದ ವಾಸನೆ. ಹರಕೆ ಹೊತ್ತವರು ಫಕೀರರಾಗುತ್ತಿದ್ದರು, ಕೊರಳಿಗೆ ಲಾಡಿ ಎಂಬ ಬಣ್ಣದ ದಾರ ಹಾಕಿಕೊಂಡು, ಬರಿಗಾಲಲ್ಲಿ ನಡೆದು, ಮನೆ ಮನೆ ಬೇಡುತ್ತಿದ್ದರು. ಅವ್ವ ನೈವೇದ್ಯದ ಸಕ್ಕರೆ ಓದಿಸಲು ಮಸೂತಿಗೆ ಹೋದವಳು ಅಣ್ಣನ ಹೆಸರಲ್ಲಿ ನನ್ನನ್ನು ಫಕೀರಳನ್ನಾಗಿ ಮಾಡಿಸಿಕೊಂಡು ಬಂದಳು. ಹಸಿರು ಅಂಗಿ, ಕೊರಳಲ್ಲಿ ಲಾಡಿ, ಕೈಯಲ್ಲಿ ನವಿಲುಗರಿಯ ಕುಂಚ. ಫಕೀರರಾದವರನ್ನು ಯಾರೂ ಬಯ್ಯುವಂತಿಲ್ಲ, ಹೊಡೆಯುವಂತಿಲ್ಲ. ಇಂಥ ಅನುಕೂಲ ವರ್ಷವಿಡೀ ಯಾಕಿಲ್ಲ ಎಂದು ನನಗೆ ಅನಿಸುತ್ತಿತ್ತು.

ಮೆರವಣಿಗೆಗೆ ಪೊಲೀಸರ ಅನುಮತಿ ಸಿಗಲಿಲ್ಲ. ಆದರೂ ಕಾಲೇಜಿನವರು ಹೊರಟೇಬಿಟ್ಟರು. ಖಾಸಿಂ ಕೂಡ ಆ ಸಲ ಫಕೀರನಾಗಿದ್ದ, ಚಪ್ಪಲಿ ಮೆಟ್ಟುವಂತಿರಲಿಲ್ಲ. ಅವನೊಬ್ಬ ಬರಿಗಾಲಲ್ಲಿ ನಡೆಯುವಾಗ ನಾವು ಹೇಗೆ ಮೆಟ್ಟಿಕೊಂಡು ಬರುವುದು ಎಂದು ಉಳಿದವರೂ ಕಾಲೇಜಿನ ಗೇಟಿನಲ್ಲೇ ಚಪ್ಪಲಿ ಬಿಟ್ಟರಂತೆ. ಘೋಷಣೆ ಕೂಗಿದರೆ ಹಬ್ಬದ ದಿನ ಗದ್ದಲವಾದೀತೆಂದು ಸುಮ್ಮನೆ ನಡೆಯುವುದೆಂದು ಮಾತಾಗಿತ್ತು. ನಾನು ಬೇಡಲು ಹೊರಟವಳು ಬಜಾರದ ತಿರುವಿನಲ್ಲಿ ಅವರನ್ನು ಕಂಡೆ. ಇಷ್ಟೊಂದು ಜನ ದೊಡ್ಡವರು ಒಂದೂ ಮಾತಿಲ್ಲದೆ ರಸ್ತೆಯ ನಡುವೆ ನಡೆಯುವುದನ್ನು ನಾನು ಕಂಡಿರಲಿಲ್ಲ. ಅವರ ನಡುವೆ ಅಕ್ಕ, ಕೈಯಲ್ಲಿ ರಟ್ಟಿನ ಬೋರ್ಡು: 'ನಮ್ಮ ಅಣ್ಣಂದಿರನ್ನು ಮನೆಗೆ ಕರೆಸಿರಿ.'

ನಾನು ಓಡಿಹೋಗಿ ಎಲ್ಲರ ಮುಂದೆ ನಿಂತೆ. ಮೆರವಣಿಗೆ ಅಂದಮೇಲೆ ಸದ್ದು ಬೇಡವೇ? ಕುಂಚ ಮೇಲೆತ್ತಿ, ಹಬ್ಬದಲ್ಲಿ ಕೂಗುವಂತೆ "ದೂಲಾ, ದೂಲಾ" ಎನ್ನುತ್ತ ನಡೆದೆ. ಅಕ್ಕ ಹಿಂದಿನಿಂದ ಕಣ್ಣು ಬಿಟ್ಟಳು. ಆದರೆ ಫಕೀರಳನ್ನು ಬಯ್ಯುವುದು ಹೇಗೆ?

ಅಷ್ಟು ಸಾಕಾಯಿತು. ಲಾಡಿ ಹಾಕಿದ ಖಾಸಿಂ, ಮುಂದೆ ಹಸಿರು ಅಂಗಿಯ ನಾನು, ಹಿಂದೆ ಬರಿಗಾಲಲ್ಲಿ ತಲೆ ತಗ್ಗಿಸಿ ಬರುವ ಮಂದಿ. ದೇವರ ಸವಾರಿ ಹೊರಟಿತು ಎಂದು ಬಜಾರದ ಹೆಣ್ಣುಮಕ್ಕಳು ತಿಳಿದರು. ಸವಾರಿ ಬಂದಾಗ ದೇವರು ಹೊತ್ತವರ ಪಾದಕ್ಕೆ ನೀರು ಹಾಕುವುದು ನಮ್ಮಲ್ಲಿ ರೂಢಿ. ಒಬ್ಬಾಕೆ ಕೊಡ ತಂದು ಖಾಸಿಮನ ಕಾಲಿಗೆ ನೀರು ಹಾಕಿದಳು. ಅವಳನ್ನು ಕಂಡು ಇನ್ನೊಬ್ಬಳು. ಕಲ್ಲು ಬೀಳಬಹುದು, ಬೈಗುಳ ಬೀಳಬಹುದು ಎಂದು ಎದೆ ಗಟ್ಟಿ ಮಾಡಿಕೊಂಡು ಬಂದಿದ್ದ ಹುಡುಗರು ನೀರು ಬಿದ್ದದ್ದಕ್ಕೆ ಏನು ಮಾಡಬೇಕೆಂದು ತೋಚದೆ ನಿಂತರು. ಮುಂದೆ ಲಾಠಿ ಹಿಡಿದು ದಾರಿ ಕಟ್ಟಿ ನಿಂತಿದ್ದ ಹವಾಲ್ದಾರರು ಕೊಡಗಳನ್ನು ಕಂಡು, ಹಣೆಗೆ ಕೈ ಮುಟ್ಟಿಸಿ ಪಕ್ಕಕ್ಕೆ ಸರಿದುಬಿಟ್ಟರು.

ಒಬ್ಬ ಮುದುಕಿ ಮಾತ್ರ ಅನುಮಾನದಿಂದ ಅಕ್ಕನ ಬೋರ್ಡು ಮುಟ್ಟಿ ನೋಡಿದಳು.

"ಇದೇನವ್ವ ಇದು? ದೇವರೆಲ್ಲಿ?"

"ಇದು ಅಲಾಯಿ ಅಲ್ಲವ್ವ. ನಮ್ಮಣ್ಣ ಯುದ್ಧಕ್ಕ ಹೋಗ್ಯಾನ. ಇನ್ನೂ ಭಾಳ ಮಂದಿ ಹೋಗ್ಯಾರ. ಎಲ್ಲಾರೂ ಮನಿಗೆ ಬರ್ಲಿ ಅಂತ ಹೊಂಟೀವಿ" ಎಂದಳು ಅಕ್ಕ.

ಮುದುಕಿ ಸೊಂಟದ ಕೊಡವನ್ನು ಕೈಗೆ ತೆಗೆದುಕೊಂಡಳು. "ಅಲಾಯಿನೂ ಯುದ್ಧದಾಗ ಸತ್ತೋರಿಗೆ ಅಳೋ ಹಬ್ಬ ಅಲ್ಲೇನವ್ವ? ಕಾಲು ಮುಂದ ಚಾಚು" ಎಂದು ಕೊಡ ಬಗ್ಗಿಸಿದಳು.

ನಮ್ಮ ಓಣಿಗೆ ಬಂದಾಗ ಅವ್ವ ಬಾಗಿಲಲ್ಲಿ ನಿಂತಿದ್ದಳು. ಅದು ಸವಾರಿಯಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡ ಏನು ಹೇಳಿದ್ದಾನೆ ಎನ್ನುವುದೂ ಗೊತ್ತಿತ್ತು. ಒಳಗೆ ಹೋಗಿ ತುಂಬಿದ ಕೊಡ ತಂದು ಮಗಳ ಪಾದಕ್ಕೆ ನೀರು ಹಾಕಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ಹೊತ್ತೂ ಗಟ್ಟಿಯಾಗಿದ್ದ ಅಕ್ಕ ಅಲ್ಲಿ ಅತ್ತಳು. ಮೆರವಣಿಗೆ ಬಸ್ ಸ್ಟ್ಯಾಂಡಿನ ಕಡೆ ತಿರುಗಿತು. ಅಂಗಡಿಯ ಮುಂದೆ ಟ್ಯೂಬು ಹಿಡಿದು ಕೂತಿದ್ದ ಅಪ್ಪ ನಮ್ಮನ್ನು ನೋಡಿ, ಎದ್ದು, ಅಂಗಡಿಯ ಬಾಗಿಲು ಎಳೆದುಕೊಂಡರು.

ಮರುದಿನ ಅಕ್ಕ ಕಾಲೇಜಿಗೆ ಹೋಗಲಿಲ್ಲ. ಪ್ರಿನ್ಸಿಪಾಲರು ಹುಡುಗರನ್ನು ಕರೆದು ಬುದ್ಧಿ ಹೇಳಿ ಕ್ಲಾಸಿಗೆ ಕಳಿಸಿದರಂತೆ, ಖಾಸಿಮನನ್ನೂ ಸಹ. ಹವಾಲ್ದಾರರು ಕೂಡ ಅದನ್ನು ದೊಡ್ಡದು ಮಾಡಲಿಲ್ಲ. ಸಜೆ ಆದದ್ದು ನಮ್ಮ ಮನೆಯಲ್ಲಿ ಮಾತ್ರ. ಅವ್ವ ಎರಡು ದಿನ ಊಟ ಬಿಟ್ಟಳು, ಅಪ್ಪ ಜಗ್ಗಲಿಲ್ಲ. ಅಕ್ಕ ನನಗೆ ಪಾಠ ಮಾಡುವುದನ್ನೂ ನಿಲ್ಲಿಸಿದಳು. ನಾನಾಗಿಯೇ ಹೋಗಿ ಗೋಡೆಯ ಮುಂದೆ ಕೂತರೆ "ಏಳು, ಆಡಾಕ ಹೋಗು" ಎನ್ನುತ್ತಿದ್ದಳು.

ಹಿಂಗಾರಿ ಜೋಳ ತೆನೆ ಹಿಡಿಯುವ ಹೊತ್ತಿಗೆ, ಹೇಳದೆ ಕೇಳದೆ ಅಣ್ಣ ಬಂದ. ಹಗರಿಬೊಮ್ಮನಹಳ್ಳಿ ಕಡೆಯಿಂದ ಬರುವ ಬಸ್ಸಿನಿಂದ ಇಳಿದು, ಅಂಗಡಿಯ ಮುಂದೆ ಟ್ರಂಕು ಇಟ್ಟು ನಿಂತಾಗ ಅಪ್ಪ ಗಿರಾಕಿ ಎಂದುಕೊಂಡು "ಏನಾಗೈತ್ರಿ ಗಾಡಿಗೆ?" ಎಂದು ಕೇಳಿದರು. ಅಷ್ಟು ಇಳಿದುಹೋಗಿದ್ದ. ಅವ್ವ ಅವನ ಕೈಕಾಲು, ಬೆನ್ನು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಎಲ್ಲ ಇತ್ತು.

ಅಂದು ಎಲ್ಲರೂ ಒಟ್ಟಿಗೆ ಉಣ್ಣುವಾಗ ಅಪ್ಪ ಆ ಮಾತು ತೆಗೆದರು. ಮಗನ ಮರ್ಯಾದೆ ಕಾಪಾಡಿದ್ದೇನೆ ಎಂಬ ಧೈರ್ಯ ಅವರಿಗೆ.

"ನಿನ್ನ ತಂಗಿ ಬೋರ್ಡು ಹಿಡಕೊಂಡು ಬೀದ್ಯಾಗ ತಿರುಗಿದ್ಲಪ್ಪ, ಯುದ್ಧ ಬ್ಯಾಡ ಅಂತ. ಕಾಲೇಜು ಬಿಡಿಸೀನಿ."

ಅಣ್ಣ ಅಕ್ಕನ ಕಡೆ ತಿರುಗಿದ. "ಏನಂತ ಬರದಿದ್ದೆವ್ವ?"

ಅಕ್ಕ ಹೇಳಿದಳು. ಅಣ್ಣ ತಾಟು ಬದಿಗೆ ಸರಿಸಿದ.

"ಅಪ್ಪ, ನಾವು ಅಲ್ಲಿ ಕುಂತು ಇದ ಮಾತು ಆಡ್ತಿದ್ವಿ. ಊರಾಗ ಯಾರರ ನಮ್ಮನ್ನ ಬರ್ರಿ ಅಂತ ಕರಿತಾರೇನು ಅಂತ. ಯಾರೂ ಕರ್ಯಾಂಗಿಲ್ಲ ಅಂತ ತಿಳ್ಕೊಂಡಿದ್ವಿ."

ಮರುದಿನ ಬೆಳಿಗ್ಗೆ ಅಪ್ಪ ಅಂಗಡಿ ತೆಗೆಯದೆ, ಬಿಳಿ ಅಂಗಿ ಹಾಕಿಕೊಂಡು, ಅಕ್ಕನನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಕಾಲೇಜಿಗೆ ಹೋದರು. ಮಧ್ಯಾಹ್ನ ಇಬ್ಬರೂ ನಡೆದುಕೊಂಡೇ ಬಂದರು, ಅಪ್ಪ ಸೈಕಲ್ ತಳ್ಳುತ್ತ ಮುಂದೆ, ಅಕ್ಕ ಹಿಂದೆ. ಹಾಜರಿ ಸಾಲದು, ಈ ವರ್ಷ ಪರೀಕ್ಷೆಗೆ ಕೂಡಲು ಬರುವುದಿಲ್ಲ, ಮುಂದಿನ ವರ್ಷ ಕಳಿಸಿರಿ ಎಂದು ಪ್ರಿನ್ಸಿಪಾಲರು ಕನಿಕರದಿಂದಲೇ ಹೇಳಿದ್ದರು. ಆದರೆ ಮುಂದಿನ ವರ್ಷದೊಳಗೆ ಹರಪನಹಳ್ಳಿಯಿಂದ ಸಂಬಂಧ ಬಂತು. ಬೀದಿಗಿಳಿದ ಹುಡುಗಿ ಎಂದು ಹಿಂದೆ ಸರಿದವರೇ ಹೆಚ್ಚಿದ್ದಾಗ ಇವರು ಒಪ್ಪಿದ್ದರು. ಮದುವೆಯಾದ ಮೇಲೆ ಓದಿಸುತ್ತೇವೆ ಎಂದೂ ಹೇಳಿದ್ದರು. ಎಲ್ಲರೂ ಹಾಗೇ ಹೇಳುತ್ತಾರೆ.

ಅಣ್ಣ ರಜೆ ಮುಗಿಸಿ ಮತ್ತೆ ಹೋದ. ಕೆಲವು ತಿಂಗಳಲ್ಲಿ ಸೈನ್ಯವೇ ವಾಪಸು ಬಂತು, ಅವನೂ ಬಂದ. ಅಕ್ಕನ ಕಾಲೇಜು ಮಾತ್ರ ಬರಲಿಲ್ಲ. ಅಪ್ಪ ಸಾಯುವ ತನಕ ಅದರ ಬಗ್ಗೆ ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ. ಹರಪನಹಳ್ಳಿಗೆ ಹೋದಾಗಲೆಲ್ಲ ಅಕ್ಕನ ಮಕ್ಕಳಿಗೆ ಪುಸ್ತಕ ಒಯ್ಯುತ್ತಿದ್ದರು, ಅವು ಇನ್ನೂ ಅಂಬೆಗಾಲಿಡುವಾಗಿನಿಂದಲೂ.

ಈಗ ಕಾಲೇಜುಗಳು ಎಷ್ಟೋ ಆಗಿವೆ, ಕೂಡ್ಲಿಗಿ, ಹಡಗಲಿ ಎಲ್ಲ ಕಡೆ ಹುಡುಗಿಯರೇ ತುಂಬಿದ್ದಾರೆ. ಅದನ್ನು ನೋಡಿ ನನಗೆ ಸಂತೋಷವೇ. ಆದರೆ ಸತ್ತ ಒಬ್ಬನಿಗಾಗಿ ಇಡೀ ಕ್ಲಾಸು ಓದು ಬಿಟ್ಟು ಮರದ ಕೆಳಗೆ ಕೂತದ್ದನ್ನು ನಾನು ಮತ್ತೆಲ್ಲೂ ಕಾಣಲಿಲ್ಲ. ಯುದ್ಧ ಈಗ ಎಲ್ಲರ ಕೈಯಲ್ಲಿರುವ ಫೋನಿನಲ್ಲಿ ನಡೆಯುತ್ತದೆ. ಅದಕ್ಕೆ ಹೋದವರ ಹೆಸರು ಯಾರಿಗೂ ಬೇಕಾಗಿಲ್ಲ.

ಈಚೆಗೆ ಟಿವಿಯಲ್ಲಿ ಯುದ್ಧದ ಮಾತು ಜೋರಾದಾಗ ನಾನು ಅಕ್ಕನ ಮನೆಯಲ್ಲಿದ್ದೆ. ಕಾಲೇಜು ಹುಡುಗರು ಬೈಕುಗಳ ಮೇಲೆ, ಹೊಡೆಯಿರಿ, ಮುಗಿಸಿರಿ ಎಂದು ಕೂಗುತ್ತ ಓಣಿಗೆ ಬಂದರು. ಅಕ್ಕ ಮೊಣಕಾಲು ಹಿಡಿದುಕೊಂಡು ಎದ್ದು ಹೊರಗೆ ಹೋಗಿ ಮುಂದಿನ ಬೈಕಿಗೆ ಕೈ ಅಡ್ಡ ಹಿಡಿದಳು. ಹುಡುಗ ಮರ್ಯಾದೆಯವನು, ಗಾಡಿ ನಿಲ್ಲಿಸಿದ.

"ನಿಮ್ಮ ಮನ್ಯಾಗಿಂದ ಯಾರು ಹೋಗ್ಯಾರಪ್ಪ?"

"ಎಲ್ಲಿಗ್ರೀ ಅಮ್ಮ?"

"ಯುದ್ಧಕ್ಕ."

ಹುಡುಗ ಹಿಂದೆ ಕೂತವನ ಮುಖ ನೋಡಿದ. "ನಮ್ಮ ಮನ್ಯಾಗಿಂದ ಯಾರೂ ಹೋಗಿಲ್ಲರಿ."

"ಹಂಗಾರ ಕೂಗ್ರಪ್ಪ" ಎಂದು ಅಕ್ಕ ಕೈ ತೆಗೆದಳು.