ಇದು ಮನೆಯಲ್ಲ, ಬಲೆ ಇಡುವ ಜಾಗ

ಕಾಪುವಿನ ಕಡಲ ಬದಿಯಲ್ಲಿ ವಸಂತಿಯ ಬಾಯಿಗೆ ಹೆದರದವರಿಲ್ಲ. ಮೀನಿನ ಬುಟ್ಟಿ ಇಳಿಸಿ ಕೂತಳೆಂದರೆ, ಚೌಕಾಸಿಗೆ ಬಂದ ಮೇಷ್ಟ್ರುಗಳೂ ತೆಪ್ಪಗೆ ಹೇಳಿದಷ್ಟು ಕೊಟ್ಟು ಹೋಗಬೇಕು. ಅಂಥ ಗಟ್ಟಿಗಿತ್ತಿ ಹೆದರುತ್ತಿದ್ದದ್ದು ಒಂದೇ ಒಂದಕ್ಕೆ: ಅಳತೆಯ ಟೇಪಿಗೆ. ನಗಬೇಡಿ. ನಿಮಗೂ ಹಾಗೆ ಆಗಿದ್ದರೆ ನೀವೂ ಹೆದರುತ್ತಿದ್ದಿರಿ.

ಅವಳಿಗೆ ಹನ್ನೊಂದು ವರ್ಷವಿದ್ದಾಗ ಟೇಪು ಹಿಡಿದ ಇಬ್ಬರು ಅಮ್ಮನ ಮನೆಯ ಅಂಗಳಕ್ಕೆ ಬಂದಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ರಸ್ತೆ ಅಗಲವಾಯಿತು, ಮನೆ ನೆಲಸಮವಾಯಿತು. ಆಮೇಲೆ ತಾಯಿ ಮಕ್ಕಳು ಕಂಡಕಂಡವರ ಜಗಲಿಯಲ್ಲಿ ಮಲಗಿದರು. "ಆ ಟೇಪೇ ನಮ್ಮ ಮನೆ ತಿಂದದ್ದು" ಎಂದು ಅಮ್ಮ ಸಾಯುವ ತನಕ ಶಾಪ ಹಾಕಿದಳು. ಮುಂದೆ ವಸಂತಿ ಬುಟ್ಟಿ ಹೊತ್ತು ಹೊತ್ತು ನೆತ್ತಿ ಸವೆಸಿ ಎರಡು ಕೋಣೆಯ ಹಂಚಿನ ಮನೆ ಕಟ್ಟಿದಳು. ಕಟ್ಟಿ ಎಂಟು ವರ್ಷವಾದರೂ ಮನೆ ತೆರಿಗೆಯ ಸುದ್ದಿಗೆ ಹೋಗಲಿಲ್ಲ. ದುಡ್ಡಿನ ಲೋಭವಲ್ಲ ಮತ್ತೆ. ಪುಸ್ತಕದಲ್ಲಿ ಹೆಸರು ಬಿದ್ದರೆ ಹುಡುಕಿಕೊಂಡು ಬರುತ್ತಾರೆಂಬ ಹೆದರಿಕೆ.

ಕಳೆದ ಮಾರ್ಚಿನಲ್ಲಿ ಅವರು ಬಂದೇ ಬಿಟ್ಟರು. ತೆರಿಗೆ ಕಟ್ಟದ ಮನೆಗಳ ಪಟ್ಟಿ ಮಾಡಲು ಪುರಸಭೆಯಿಂದ ಯೋಗೀಶ್ ಎಂಬವನು ಬಂದಿದ್ದ. ಅವನ ಕೈಯಲ್ಲಿ ಹಳದಿ ಟೇಪು.

"ಇದು ನಿಮ್ಮ ಮನೆ ಅಲ್ವಾ ಅಕ್ಕ? ಸ್ವಲ್ಪ ಅಳತೆ ಮಾಡ್ಲಿಕ್ಕೆ ಉಂಟು."

ವಸಂತಿ ದಡಬಡಿಸಿ ಹೊರಗೆ ಬಂದಳು. ಬಾಗಿಲು ಎಳೆದುಕೊಂಡಳು. ಜಗಲಿಯ ತುಂಬ ತಮ್ಮ ಸುಕೇಶ್ ಒಣಹಾಕಿದ ಬಲೆ ಬಿದ್ದಿತ್ತು.

"ಮನೆ ಎಂತದು? ಇದು ಮನೆಯಲ್ಲ, ಬಲೆ ಇಡುವ ಜಾಗ!"

ಮಾತು ಬಾಯಿಪಾಠದ ಹಾಗೆ ತಾನಾಗಿ ಬಂತು. ಬಿಸಿಲಿಗೆ ಬಸವಳಿದಿದ್ದ ಯೋಗೀಶ್ ಬಲೆ ನೋಡಿದ, ಮುಚ್ಚಿದ ಬಾಗಿಲು ನೋಡಿದ, ಹಾಗೆಯೇ ಬರೆದುಕೊಂಡು ಹೋದ.

ಬೇಲಿಯಾಚೆ ಚೆನ್ನಪ್ಪಣ್ಣ ನಿಂತಿದ್ದರು. ದೋಣಿಯಲ್ಲಿ ಮುದುಕರಾದವರು, ಹಳೆಯ ಮನೆಯಿದ್ದಾಗಲೂ ಅವರೇ ನೆರೆಯವರು. ವಸಂತಿ ತನ್ನ ಜಾಣತನವನ್ನು ಪಿಸುದನಿಯಲ್ಲಿ ಹೇಳಿಕೊಂಡಳು. ಅವರು ತಲೆ ಚಚ್ಚಿಕೊಂಡರು.

"ಅಯ್ಯೋ ಮಾರಾಯ್ತಿ! ಆವತ್ತೂ ಇದೇ ಮಾತಲ್ವಾ ನೀವು ಹೇಳಿದ್ದು?"

"ಯಾವತ್ತು?"

"ರಸ್ತೆಗೆ ನಮ್ಮ ಮನೆಯೂ ಹೋಯಿತಲ್ಲ. ನಾನು ತೆರಿಗೆ ರಶೀದಿ ತೋರಿಸಿದೆ, ಪರಿಹಾರ ಸಿಕ್ಕಿತು, ಇಲ್ಲಿ ಬಂದು ಮನೆ ಕಟ್ಟಿದೆ. ಆವತ್ತು ಟೇಪು ಹಿಡಿದು ಬಂದವರು ತೆರಿಗೆಗೆ ಅಳೆಯಲಿಕ್ಕೆ ಬಂದದ್ದು, ಕೆಡವಲಿಕ್ಕೆ ಅಲ್ಲ. ನಿಮ್ಮದನ್ನು ಬಲೆ ಕೊಟ್ಟಿಗೆ ಅಂತ ಬರೆದುಕೊಂಡು ಹೋದರು. ಕೊಟ್ಟಿಗೆಗೆ ಯಾರು ಮನೆಯ ಪರಿಹಾರ ಕೊಡ್ತಾರೆ? ಜಾಗದ ಹಕ್ಕಿಗೆ ಬೇರೆ ಕಾಗದ ಬೇಕು, ಅದು ಬೇರೆ. ಆದರೆ ಇಲ್ಲಿ ಒಂದು ಮನೆ ಉಂಟು, ಜನ ಇದ್ದಾರೆ ಅಂತ ಹೇಳ್ಲಿಕ್ಕೆ ಆ ರಶೀದಿ ಬೇಕು."

ವಸಂತಿಗೆ ಆ ದಿನ ನೆನಪಾಯಿತು. ಆವತ್ತು ಅಮ್ಮ ಹೆದರಿ ಬಾಗಿಲ ಹಿಂದೆ ಅಡಗಿದ್ದಳು. ಹೇಳಿಕೊಟ್ಟ ಮಾತನ್ನು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಒಪ್ಪಿಸಿದವಳು ವಸಂತಿಯೇ. ಇದು ಮನೆಯಲ್ಲ, ಬಲೆ ಇಡುವ ಜಾಗ.

ಸೆರಗು ಸಿಕ್ಕಿಸಿ ಓಡಿದಳು ನೋಡಿ, ಬರಿಗಾಲಲ್ಲಿ. ತಿರುವಿನಲ್ಲಿ ಯೋಗೀಶ್ ಬೈಕು ಹತ್ತಿದ್ದ.

"ತಮ್ಮಾ, ನಿಲ್ಲಿ! ಅದು ಮನೆಯೇ! ನಾನು ಸುಳ್ಳು ಹೇಳಿದ್ದು. ನನ್ನ ಹೆಸರು ವಸಂತಿ. ಮನೆ ಅಂತ ಬರೀರಿ!"

ಅವನು ಬೈಯಲಿಲ್ಲ. ಮನೆಗೆ ವಾಪಸು ಬಂದು ಟೇಪಿನ ತುದಿಯನ್ನು ಅವಳ ಕೈಗೇ ಕೊಟ್ಟ. "ಗೋಡೆಗೆ ಒತ್ತಿ ಹಿಡ್ಕೊಳ್ಳಿ ಅಕ್ಕ."

ಹೆದರಿಕೆ ಎಲ್ಲಿ ಹೋಗುತ್ತದೆ? ಟೇಪಿನ ತುದಿ ಅವಳ ಕೈಯಿಂದ ಜಾರಿ ಜಾರಿ, ಒಂದೇ ಗೋಡೆಯನ್ನು ಅವನು ಮೂರು ಸಲ ಅಳೆಯಬೇಕಾಯಿತು. ಆದರೂ ಅವಳು ಹಿಡಿಯುವುದನ್ನು ಬಿಡಲಿಲ್ಲ. ಅಮ್ಮ ಕೊನೆಯುಸಿರಿನವರೆಗೂ ಟೇಪಿಗೆ ಬೈದಳು. ಪರಿಹಾರ ತಪ್ಪಿಸಿದ ಆ ಮಾತು ಆಡಿದ್ದು ನೀನು ಎಂದು ಮಗಳಿಗೆ ಒಂದು ದಿನವೂ ಹೇಳಲಿಲ್ಲ.