ತೊಳೆದು ಬಂದ ಕಾಲುಗಳು

ಮಂಡಿಯೂರುವಾಗ ನಮ್ಮ ಚರ್ಚಿನ ಗುರುಗಳ ಎಡ ಮಂಡಿ ‘ಟಕ್’ ಎಂದು ಸದ್ದು ಮಾಡುತ್ತಿತ್ತು. ಪವಿತ್ರ ಗುರುವಾರದ ಸಂಜೆ ಹಾಡು ನಿಂತ ಗಳಿಗೆಯಲ್ಲಿ ಅದು ಮೂರನೆಯ ಸಾಲಿನ ಬೆಂಚಿನವರೆಗೂ ಕೇಳುತ್ತಿತ್ತು. ಹನ್ನೆರಡು ಜನ, ಹನ್ನೆರಡು ಸಲ. ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ಗುರುಗಳು ತಮ್ಮ ಜನರ ಕಾಲು ತೊಳೆಯುವ ದಿನ ಅದು. ಯಲಹಂಕದ ನಮ್ಮ ಸಣ್ಣ ಚರ್ಚಿನಲ್ಲಿ ನೀರಿನ ಜಗ್ಗು ಹಿಡಿದು ಅವರ ಹಿಂದೆ ನಡೆಯುವ ಕೆಲಸ ಐದು ವರ್ಷ ನನ್ನದಾಗಿತ್ತು. ಎಲ್ಲರಂತೆ ನಾನೂ ಅವರನ್ನು ಫಾದರ್ ಎನ್ನುತ್ತಿದ್ದೆ.

ಮಂಡಿ ಮಡಚಲೇಬಾರದು ಎಂದು ಡಾಕ್ಟರು ಹೇಳಿದ ವರ್ಷ ಚರ್ಚಿನ ಸಮಿತಿಯವರು ಒಂದು ಸ್ಟೂಲ್ ತಂದಿಟ್ಟರು. ಫಾದರ್ ಅದಕ್ಕೆ ಒಂದು ಸುತ್ತು ಹಾಕಿ ನೋಡಿದರು. “ಇದರ ಮೇಲೆ ಕೂತ್ರೆ ಚಪ್ಪಲಿ ಅಂಗಡೀಲಿ ಸೈಜ್ ನೋಡೋನ ಥರ ಕಾಣ್ತೀನಿ ಕಣ್ರಯ್ಯಾ. ಆದ್ರೂ ಅವನೇ ನನಗಿಂತ ದೊಡ್ಡೋನು ಬಿಡಿ, ದಿನಾ ಕಾಲು ಮುಟ್ತಾನೆ” ಎಂದು ಸ್ಟೂಲನ್ನು ಗೋಡೆಯ ಬದಿಗೆ ಸರಿಸಿದರು.

ಅವರೇನೂ ಸಾಧುಪ್ರಾಣಿಯಲ್ಲ. ಪೂಜೆಗೆ ತಡವಾಗಿ ಬಂದವರನ್ನು ಪೀಠದ ಮೇಲಿಂದಲೇ ದುರುಗುಟ್ಟಿ ನೋಡುತ್ತಿದ್ದರು. ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆಯ ಸುತ್ತ ನಡೆಯಲು ಹೋದರೆ ಅರ್ಧ ಸುತ್ತೂ ಮುಗಿಯುತ್ತಿರಲಿಲ್ಲ, ಸಿಕ್ಕವರೊಡನೆಲ್ಲ ಮಾತು. ಉಪ್ಪಿಟ್ಟು ಎಂದರೆ ಮುಖ ಸಿಂಡರಿಸುತ್ತಿದ್ದರು, ಆದರೆ ಯಾರ ಮನೆಯಲ್ಲಿ ಕೊಟ್ಟರೂ ತಟ್ಟೆ ಖಾಲಿ ಮಾಡುತ್ತಿದ್ದರು.

ಕಾಲು ತೊಳೆಸಿಕೊಳ್ಳುವ ಹನ್ನೆರಡು ಜನರ ಪಟ್ಟಿ ಮಾಡುವುದೂ ನನ್ನದೇ ಕೆಲಸ. ಹೆಸರು ಬಂದದ್ದೇ ತಡ, ಒಬ್ಬೊಬ್ಬರೂ ಮನೆಯಲ್ಲಿ ಕಾಲು ತಿಕ್ಕಿ ತಿಕ್ಕಿ ತೊಳೆದು, ಉಗುರು ಕತ್ತರಿಸಿ, ಹೊಸ ಸಾಕ್ಸ್ ಹಾಕಿಕೊಂಡು ಬರುತ್ತಿದ್ದರು. ಒಂದು ವರ್ಷ ಹಿರಿಯರೊಬ್ಬರು ಕಾಲಿಗೆ ಧಾರಾಳವಾಗಿ ಪೌಡರ್ ಬಳಿದುಕೊಂಡು ಬಂದದ್ದರಿಂದ ಬೇಸಿನ್ನಿನ ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು. ಫಾದರ್ ಅವರ ಭುಜ ಕುಲುಕುವುದನ್ನು ನೋಡಿದ ಜನ, ಅವರು ಅಳುತ್ತಿದ್ದಾರೆ ಎಂದುಕೊಂಡರು. ನಿಜಕ್ಕೂ ಅವರು ನಗು ತಡೆದುಕೊಳ್ಳುತ್ತಿದ್ದರು.

ಅಂದು ಪೂಜೆ ಮುಗಿದ ಮೇಲೆ ನಾನು ಕೇಳಿಯೇಬಿಟ್ಟೆ: “ತೊಳೆದ ಕಾಲನ್ನೇ ತೊಳೆಯೋದು ನಾಟಕ ಅಲ್ವಾ ಫಾದರ್? ಈ ಕಾಲದಲ್ಲಿ ಇದಕ್ಕೇನರ್ಥ?”

“ನಾಟಕಾನೇ ಕಣಪ್ಪಾ. ವರ್ಷಕ್ಕೊಂದ್ ಸಲ ಪ್ರಾಕ್ಟೀಸ್” ಎಂದರು, ಟವೆಲ್ ಹಿಂಡುತ್ತಾ.

ನಾನು ಹಾಗೆ ಕೇಳಿದ್ದರ ಹಿಂದೆ ಒಂದು ನಾಚಿಕೆಯಿತ್ತು. ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು. ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ಹೊತ್ತು ನನ್ನನ್ನು ಓದಿಸಿದವರು ಅವರು. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಹುಣ್ಣು ಮಾಯದೆ ನಾರುತ್ತಿತ್ತು. ಅದನ್ನು ತೊಳೆದು ಪಟ್ಟಿ ಕಟ್ಟಲು ಒಬ್ಬ ನರ್ಸನ್ನು ಗೊತ್ತು ಮಾಡಿ, ದೊಡ್ಡ ಮಗನ ಕರ್ತವ್ಯ ಮುಗಿಸಿದೆ ಎಂದು ಬೀಗುತ್ತಿದ್ದೆ. ನಿಜ ಹೇಳಬೇಕೆಂದರೆ, ಮೂಗು ಮುಚ್ಚಿಕೊಂಡು ಆ ಕೋಣೆಯ ಬಾಗಿಲಿನಿಂದಲೇ ಹಿಂತಿರುಗುತ್ತಿದ್ದೆ. ಚರ್ಚಿನಲ್ಲಿ ಜಗ್ಗು ಹಿಡಿಯುತ್ತಿದ್ದ ನಾನು ಅಪ್ಪನ ಕಾಲನ್ನು ಒಂದು ದಿನವೂ ಮುಟ್ಟಿರಲಿಲ್ಲ.

ಈಸ್ಟರ್ ಕಳೆದು ಎರಡನೆಯ ವಾರ ಫಾದರ್ ಅಪ್ಪನಿಗೆ ಪೂಜೆಯ ಪವಿತ್ರ ರೊಟ್ಟಿಯಾದ ಪರಮ ಪ್ರಸಾದ ಕೊಡಲು ಬಂದರು. ನರ್ಸ್ ಎರಡು ದಿನದಿಂದ ಬಂದಿರಲಿಲ್ಲ. ಪಟ್ಟಿ ಒದ್ದೆಯಾಗಿತ್ತು, ಕೋಣೆಯಲ್ಲಿ ಮೂಗು ಮುಚ್ಚದೆ ನಿಲ್ಲುವಂತಿರಲಿಲ್ಲ. ಪ್ರಾರ್ಥನೆ ಮುಗಿಸಿದ ಫಾದರ್ ಪಟ್ಟಿಯನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು.

“ಕಾಯಿಸಿ ಆರಿಸಿದ ನೀರಿದ್ಯಾ? ಹೊಸ ಪಟ್ಟಿ?”

ತಂದುಕೊಟ್ಟೆ. ಅವರು ಅಂಗಿಯ ತೋಳು ಮಡಚಿ, ಕೈಗೆ ಸೋಪು ಹಾಕಿ ತೊಳೆದುಕೊಂಡು ಬಂದು ನಮ್ಮ ಮನೆಯ ಸಿಮೆಂಟು ನೆಲದ ಮೇಲೆ ಮಂಡಿಯೂರಿದರು. ಅಪ್ಪ ಗಾಬರಿಯಿಂದ ಕಾಲು ಎಳೆದುಕೊಂಡರು. “ಬ್ಯಾಡಿ ಸ್ವಾಮಿ, ನಾತ. ನಿಮ್ ಕೈಯಾಗೆ ಇದೆಲ್ಲ ಬ್ಯಾಡಿ.”

“ಮಂಡಿ ಊರ್ಬಿಟ್ಟಿದೀನಿ ಯಜಮಾನ್ರೇ. ಸುಮ್ನೆ ಎದ್ದು ಹೋದ್ರೆ ನನ್ ನೋವಿಗೆ ಬೆಲೆ ಬೇಡ್ವಾ? ಕೊಡಿ ಇಲ್ಲಿ.”

ಅಪ್ಪ ಕಾಲು ಕೊಟ್ಟರು. ಫಾದರ್ ಹಳೆಯ ಪಟ್ಟಿಯನ್ನು ನೀರು ಹನಿಸಿ ಹನಿಸಿ, ಚರ್ಮ ಕೀಳದಂತೆ ಬಿಡಿಸಿದರು. ಅವಸರವಿರಲಿಲ್ಲ, ಮುಖ ತಿರುಗಿಸಲಿಲ್ಲ. ಬೇಸಿನ್ನಿನ ನೀರು ಕಲಕಿ ಬಣ್ಣಗೆಟ್ಟಿತು. ಅಪ್ಪ ಚಾವಣಿ ನೋಡುತ್ತಾ ಸದ್ದಿಲ್ಲದೆ ಅಳುತ್ತಿದ್ದರು. ಅಷ್ಟು ವರ್ಷ ಪೀಠದ ಮುಂದೆ ಕಾಣದ ದೇವರು ಆ ಕೋಣೆಯಲ್ಲಿ ನನಗೆ ಕಂಡ. ತಲೆಯೆತ್ತಿ ನೋಡಲು ಭಯವಾಯಿತು.

ಹೊಸ ಪಟ್ಟಿ ಕಟ್ಟಿ ಏಳುವಾಗ ಅವರು ನನ್ನ ಕೈ ಹಿಡಿದರು. ಬೈಯುತ್ತಾರೆ ಎಂದುಕೊಂಡೆ. “ನಾಳೆ ನೀನು” ಎಂದರು, ಅಷ್ಟೇ. ಆಮೇಲೆ ಕಾಫಿ ಕೇಳಿ ಕುಡಿದರು.

ಮರುದಿನ ಮೊದಲ ಸಲ ನಾನು ಅಪ್ಪನ ಮುಂದೆ ಕೂತೆ. ವಾಕರಿಕೆ ಬಂತು, ನುಂಗಿಕೊಂಡೆ. ನಾಲ್ಕನೆಯ ದಿನಕ್ಕೆ ವಾಕರಿಕೆ ಹೋಯಿತು. ನರ್ಸ್ ವಾಪಸ್ ಬಂದಾಗ, ನನಗೆ ಸರಿಯಾಗಿ ಪಟ್ಟಿ ಕಟ್ಟಲು ಕಲಿಸು ಎಂದೆ.

ಫಾದರ್ ಆ ಆಗಸ್ಟಿನಲ್ಲಿ ತೀರಿಕೊಂಡರು. ನಿದ್ದೆಯಲ್ಲೇ ಹೃದಯ ನಿಂತಿತ್ತಂತೆ. ಫೋನು ಬಂದಾಗ ಅಪ್ಪನ ಕಾಲು ನನ್ನ ತೊಡೆಯ ಮೇಲಿತ್ತು. ವಿಷಯ ಹೇಳಿದೆ. ಅಪ್ಪ ಶಿಲುಬೆಯ ಗುರುತು ಹಾಕಿಕೊಂಡರು.

“ಅವತ್ತು ಸ್ವಾಮಿಗಳು ಬರ್ದೇ ಇದ್ದಿದ್ರೆ ನೀನು ಮುಟ್ತಿರ್ಲಿಲ್ಲ, ಅಲ್ವೇನೋ?”

“ಇಲ್ಲಪ್ಪ.”

“ಗೊತ್ತಿತ್ತು ಕಣೋ. ಅದಕ್ಕೇ ನಾನು ಕರೀತಿರ್ಲಿಲ್ಲ” ಎಂದರು ಅಪ್ಪ, ಕಾಲನ್ನು ಹಿಂದಕ್ಕೆ ಎಳೆದುಕೊಳ್ಳದೆ.